ಬಾಗಿಲಾಚೆಯ ದನಿ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು ಕಳುಹಿಸಿಕೊಟ್ಟಳು. ‘ಈ ವಯಸ್ಸಿನಲ್ಲಿ ನಿಮಗೆ ರಕ್ತ ಹೀರುವ ಪಿಶಾಚಿಯ ಕಥೆಯೇ?’ ಎಂದು ಮನೆಯಲ್ಲಿ ನಕ್ಕರು. 1897ರ ಆ ಪುಸ್ತಕವನ್ನು ಓದಿ ಮುಗಿಸಿದೆ. ಅದರಲ್ಲಿ ರಕ್ತ ನಾನೆಣಿಸಿದ್ದಕ್ಕಿಂತ ಕಡಿಮೆ. ಮಂಜು, ತೋಳಗಳ ಊಳು, ಬೆಳದಿಂಗಳ ಕಿಟಕಿಗಳೇ ಹೆಚ್ಚು. ಮನೆಯವರಲ್ಲೊಬ್ಬರು ಒಳಗೆ ಕರೆಯದ ಹೊರತು ಪಿಶಾಚಿಯು ಮೊದಲ ಬಾರಿಗೆ ಹೊಸ್ತಿಲು ದಾಟಲಾರದೆಂಬ ನಿಯಮವೊಂದು ಅಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಯಲಬುರ್ಗಾ ಸೀಮೆಯ ನಮ್ಮೂರಿನಲ್ಲಿ ಅಜ್ಜಿ ಹೇಳುತ್ತಿದ್ದುದೂ ಇದನ್ನೇ. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು. ದೆವ್ವವು ಬಲ್ಲವರ ದನಿಯಲ್ಲಿಯೇ ಕರೆಯುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡವರ ಭಯವೂ ಇದೇ ಬಗೆಯದು. ಹಿಂಗಾರಿ ಜೋಳ ತೆನೆಗಟ್ಟುವ ಚಳಿಯ ದಿನಗಳಲ್ಲಿ, ಕಂದೀಲು ಆರಿಸಿದ ಮೇಲೆ, ಕೌದಿಯೊಳಗೆ ಮಲಗಿ ಆ ಕೂಗಿಗಾಗಿ ಕಿವಿಗೊಟ್ಟಿದ್ದೇನೆ. ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದರೆ ಯಾರ ದನಿಯಲ್ಲಿ ಬಂದೀತು ಎಂಬ ಆಸೆಯೂ ಇತ್ತು.

ಇಂತಹ ಕಥೆಗಳ ಶೃಂಗಾರವೆಲ್ಲ ಈ ಕಾಯುವಿಕೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಡ್ರಾಕುಲಾಗಿಂತ 25 ವರ್ಷ ಮೊದಲು ಬಂದ ಲೆ ಫಾನುವಿನ ‘ಕಾರ್ಮಿಲ್ಲಾ’ದಲ್ಲಿ ಮನೆಗೆ ಅತಿಥಿಯಾಗಿ ಬಂದ ಹುಡುಗಿಯೇ ಪಿಶಾಚಿ, ಕಥೆ ಹೇಳುವ ಲಾರಾಳಿಗೆ ಅವಳ ಮೇಲೆ ಸೆಳೆತವೂ ಹೇಸಿಗೆಯೂ ಒಟ್ಟಿಗೇ ಹುಟ್ಟುತ್ತವೆ. ಈಗಿನ ಎಷ್ಟೋ ಚಲನಚಿತ್ರಗಳು ಮೊದಲ ದೃಶ್ಯದಲ್ಲಿಯೇ ಕೋರೆಹಲ್ಲನ್ನೂ ಬರಿಮೈಯನ್ನೂ ತೋರಿಸಿ, ನೋಡುವವನಿಗೆ ಕಾಯಲು ಏನನ್ನೂ ಉಳಿಸುವುದಿಲ್ಲ.

ಕನ್ನಡದಲ್ಲಿ ಇದನ್ನು ಜನ್ನನಷ್ಟು ಬಲ್ಲವರು ವಿರಳ. 1209ರ ಸುಮಾರಿನ ‘ಯಶೋಧರ ಚರಿತೆ’ಯಲ್ಲಿ ರಕ್ತಪಿಶಾಚಿ ಇಲ್ಲ, ಆದರೆ ಬಲಿಗಾಗಿ ಕಾದಿರುವ ಚಂಡಮಾರಿಯ ಗುಡಿಯಿದೆ, ರಾತ್ರಿಯಿದೆ, ಕರೆಯುವ ದನಿಯಿದೆ. ರಾಣಿ ಅಮೃತಮತಿ ಗಂಡನ ಪಕ್ಕದಲ್ಲಿ ಮಲಗಿರುವಾಗ ಮಾವುತನೊಬ್ಬನ ಹಾಡು ಕೇಳಿಬರುತ್ತದೆ. ಅವನ ಮುಖವನ್ನು ಅವಳು ಕಂಡೇ ಇಲ್ಲ. ನೋಡಿಬರಲು ಹೋದ ಸಖಿ ಅವನ ಕುರೂಪವನ್ನು ಅಸಹ್ಯಪಟ್ಟು ವರ್ಣಿಸಿದರೂ ರಾಣಿಯ ಮನಸ್ಸು ಹಿಂದಿರುಗುವುದಿಲ್ಲ. ಮುಂದೆ ಅವಳು ತಡವಾಗಿ ಬಂದಳೆಂದು ಅವನು ಬಡಿಯುತ್ತಾನೆ. ಆಗಲೂ ಅವಳಿಗೆ ಅವನೇ ಬೇಕು.

ಅಹಿಂಸೆಯನ್ನು ಸಾರುವ ಜೈನ ಕಾವ್ಯವಿದು. ಜೈನತೀರ್ಥವಾಗಿದ್ದ ಕೊಪಣದ ನೆಲದಲ್ಲಿ, ಕುಷ್ಟಗಿಯಲ್ಲಿ, ನಾನು ಹತ್ತನೆಯ ತರಗತಿಗೆ ಈ ಕಥೆ ಹೇಳಿದಾಗ ಈ ರಾತ್ರಿಯನ್ನು ಎರಡೇ ಮಾತಿನಲ್ಲಿ ದಾಟಿಸಿ ಹಿಟ್ಟಿನ ಹುಂಜದ ಪ್ರಸಂಗಕ್ಕೆ ಬಂದುಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ‘ಸರ್, ನೋಡಲಾರ್ದವನ ಮ್ಯಾಲ ಮನಸ್ಸು ಹೆಂಗ ಆಕ್ಕೈತ್ರಿ?’ ಎಂದು ಕೇಳಿದಳು. ತರಗತಿ ನಕ್ಕಿತು. ‘ಪರೀಕ್ಷೆಗೆ ಬರದ್ದನ್ನು ಕೇಳಬೇಡ’ ಎಂದು ಗದರಿ ಕೂಡಿಸಿದೆ. ಇಡೀ ಕಥೆಯನ್ನು ಸರಿಯಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ ಆಗಿದ್ದಳು. ಆ ವರ್ಷವಿಡೀ ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ.

ಪುಸ್ತಕ ಕಳುಹಿಸಿದವಳು ಆಕೆಯೇ. ಬಿಟ್ಟುಹೋದ ಆ ಭಾಗದ ಪದ್ಯಗಳಿಗೆ ಅರ್ಥ ಬರೆಯಲು ಈ ವಾರ ಕುಳಿತಿದ್ದೇನೆ, ತಾಯಿ. ಕಣ್ಣು ಮಂಜಾಗಿದೆ, ತುಸು ತಡವಾದೀತು.