ಜೂಜಿನ ಅಡ್ಡೆ ಅಲ್ಲ, ಹರಟೆಯ ಅಡ್ಡಾ

ಕನ್ನಡ ಪೇಪರ್‌ನಲ್ಲಿ ‘ಅಡ್ಡೆ’ ಅನ್ನೋ ಪದ ಕಂಡರೆ ಹಿಂದೆಯೇ ‘ದಾಳಿ’ ಬರುತ್ತೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಜೂಜು ಅಡ್ಡೆ ಮೇಲೆ ದಾಳಿ, ಎಂಟು ಮಂದಿ ಬಂಧನ. ‘ದಾದಾ’ ಅಂದರಂತೂ ಕೈಯಲ್ಲಿ ಮಚ್ಚು ಇಲ್ಲದೆ ನಮಗೆ ಚಿತ್ರವೇ ಮೂಡಲ್ಲ. ಹಾಗಾಗಿ ನಮ್ಮ ಕ್ಲಾಸಿನ ಬೆಂಗಾಲಿ ಗೆಳೆಯ “ಸೆಮ್ ರಜೆಗೆ ಕೋಲ್ಕತ್ತಾಗೆ ಬನ್ನಿ, ನಮ್ಮಜ್ಜನ ಅಡ್ಡಾ ತೋರಿಸ್ತೀನಿ” ಅಂದಾಗ (ಅಂದದ್ದು ಇಂಗ್ಲಿಷ್‌ನಲ್ಲಿ, ಅದರ ಬಗ್ಗೆ ಆಮೇಲೆ ಹೇಳ್ತೀವಿ) ನಮ್ಮ ಮೂವರಲ್ಲಿ ಒಬ್ಬನಿಗೆ ನಿಜಕ್ಕೂ ಗಾಬರಿ ಆಯ್ತು.

ಬಂಗಾಳಿಯಲ್ಲಿ ಅಡ್ಡಾ ಅಂದ್ರೆ ಹರಟೆ. ದಾದಾ ಅಂದ್ರೆ ಅಣ್ಣ. ಬಸ್ ಕಂಡಕ್ಟರ್, ಮೀನು ಮಾರೋರು, ಗಂಗೂಲಿ, ಎಲ್ಲರೂ ದಾದಾನೇ.

ಮೊದಲ ದಿನ ಎಲ್ಲರೂ ಮಾಡೋದನ್ನೇ ಮಾಡಿದೆವು. ಹೌರಾ ಬ್ರಿಡ್ಜ್, ವಿಕ್ಟೋರಿಯಾ ಮೆಮೋರಿಯಲ್, ಹಳದಿ ಟ್ಯಾಕ್ಸಿ, ಟ್ರಾಮ್. 1873ರಲ್ಲಿ ಕುದುರೆ ಎಳೆದು ಶುರುವಾದ ಟ್ರಾಮ್ 1902ರಲ್ಲಿ ಕರೆಂಟಿಗೆ ಬಂತಂತೆ, ಈಗ ಉಳಿದಿರೋದು ತೀರಾ ಕಮ್ಮಿ. ಕೈಯಲ್ಲಿ ಎಳೆಯೋ ರಿಕ್ಷಾದ ರೀಲ್ ಕೂಡ ಮಾಡಿದೆವು. ರಾತ್ರಿ ನೋಡಿದಾಗ, ಎಳೀತಿದ್ದವರ ಕಾಲಲ್ಲಿ ಚಪ್ಪಲಿ ಇರಲಿಲ್ಲ ಅನ್ನೋದು ಕಾಣಿಸ್ತು. ಡಿಲೀಟ್ ಮಾಡಿದೆವು.

ಊರು ನಮಗೆ ಸಿಕ್ಕಿದ್ದು ಎರಡನೇ ದಿನದಿಂದ, ಸಂಜೆ ಹೊತ್ತು. ಉತ್ತರ ಕೋಲ್ಕತ್ತಾದ ಹಳೇ ಮನೆಗಳ ಮುಂದೆ, ಬೀದಿಗೆ ತಾಗಿಕೊಂಡೇ ಒಂದು ಕಟ್ಟೆ ಇರುತ್ತೆ. ಅವರು ‘ರೊವಾಕ್’ ಅಂತಾರೆ, ನಮ್ಮ ಜಗಲಿಯ ಹಾಗೆ. ಆರು ಗಂಟೆಗೆ ಗೆಳೆಯನ ಅಜ್ಜ ಬಂದು ಕೂತರೆ ಒಬ್ಬೊಬ್ಬರಾಗಿ ಅವರ ಸಂಗಡಿಗರು ಸೇರ್ತಾರೆ. ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಾ ಬರುತ್ತೆ. ಆಲೂಗಡ್ಡೆ ರೇಟಿಂದ ಶುರುವಾಗಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗೆ ಹೋಗಿ, ಅಲ್ಲಿಂದ ಸತ್ಯಜಿತ್ ರೇ ದೊಡ್ಡವರೋ ಋತ್ವಿಕ್ ಘಟಕ್ ದೊಡ್ಡವರೋ ಅಂತ ಜಗಳ. ಯಾರೂ ಸೋಲಲ್ಲ. ಎಂಟೂವರೆಗೆ ಎದ್ದು ಹೋಗ್ತಾರೆ, ಮಾರನೇ ದಿನ ಅದೇ ಜಗಳ.

ನಮ್ಮನ್ನೂ ಬಿಡಲಿಲ್ಲ. ಒಬ್ಬ ಅಜ್ಜ “ನಿಮ್ಮ ಕಾರವಾರದಲ್ಲಿ ನಮ್ಮ ರವೀಂದ್ರರು ಇದ್ದರು, ಗೊತ್ತಾ?” ಅಂದರು. ಕಾರವಾರದ ಬೀಚ್‌ಗೆ ಟ್ಯಾಗೋರ್ ಹೆಸರಿದೆ ಅನ್ನೋದು ಗೊತ್ತಿತ್ತು, ಯಾಕೆ ಅಂತ ಕೇಳಿಕೊಂಡಿರಲೇ ಇಲ್ಲ. ಅವರಣ್ಣ ಸತ್ಯೇಂದ್ರನಾಥ್ ಅಲ್ಲಿ ಜಡ್ಜ್ ಆಗಿದ್ದಾಗ ರವೀಂದ್ರರು ಬಂದು ಉಳಿದು, ಒಂದು ನಾಟಕವನ್ನೂ ಬರೆದರಂತೆ. ನಮ್ಮ ಕಡಲತೀರದ ಕತೆಯನ್ನ ನಾವು ಕೇಳಿದ್ದು ಕೋಲ್ಕತ್ತಾದ ಕಟ್ಟೆ ಮೇಲೆ.

ಮುಖ್ಯವಾದ ವಿಷಯ ಇದಲ್ಲ. ನಾವು ಅರೆಬರೆ ಬಂಗಾಳಿಯಲ್ಲಿ ಬಾಯಿ ತೆರೆದರೆ ಆ ಅಜ್ಜಂದಿರು ಇಂಗ್ಲಿಷ್‌ಗೆ ಜಾರಲಿಲ್ಲ. ಅವರ ಇಂಗ್ಲಿಷ್ ನಮಗಿಂತ ಚೆನ್ನಾಗಿತ್ತು, ಆದ್ರೂ ಬಂಗಾಳಿಯನ್ನೇ ನಿಧಾನ ಮಾಡಿ, ಇನ್ನೊಮ್ಮೆ ಹೇಳಿ, ಕೈಸನ್ನೆ ಮಾಡಿ ದಾಟಿಸಿದರು. ಚಾ ಅಂಗಡಿಯವರು “ಚಾ ಖಾಬೇನ್?” ಅಂದಾಗ ನಾವು ನಕ್ಕಿದ್ದೆವು, ಯಾಕಂದ್ರೆ ಖಾಬೇನ್ ಅಂದ್ರೆ ‘ತಿಂತೀರಾ’. ಬಂಗಾಳಿಯಲ್ಲಿ ನೀರನ್ನೂ ತಿಂತಾರೆ, ಸಿಗರೇಟನ್ನೂ ತಿಂತಾರೆ. ಐದನೇ ದಿನಕ್ಕೆ ನಾವೂ ಚಾ ತಿನ್ನೋಕೆ ಕಲಿತಿದ್ದೆವು.

ಎಲ್ಲಾ ಬಂಗಾರ ಅಂತ ಹೇಳ್ತಿಲ್ಲ. ನಾವು ಹತ್ತಿದ ಟ್ಯಾಕ್ಸಿಗಳ ಡ್ರೈವರ್‌ಗಳು ಬಿಹಾರದವರು, ಅಲ್ಲಿ ನಡೆದದ್ದು ಹಿಂದಿಯೇ. ಆ ಕಟ್ಟೆ ಮೇಲೆ ಅರವತ್ತಕ್ಕಿಂತ ಕಮ್ಮಿ ವಯಸ್ಸಿನವರು ಅಂದ್ರೆ ನಾವೇ. ಒಬ್ಬರ ಮಗ ವೈಟ್‌ಫೀಲ್ಡಲ್ಲಿ, ಇನ್ನೊಬ್ಬರ ಮಗಳು ಹೈದರಾಬಾದಲ್ಲಿ. ಮಗ ಬೆಂಗಳೂರಲ್ಲಿ ಯಾರ ಜೊತೆ ಕೂತು ಮಾತಾಡ್ತಾನೆ ಅಂತ ಆ ಅಜ್ಜ ನಮ್ಮನ್ನ ಕೇಳಿದರು. ಟ್ರಾಫಿಕ್ ಜಾಸ್ತಿ, ಟೈಮ್ ಸಿಗಲ್ಲ ಅಂತ ಏನೋ ಹೇಳಿ ತಪ್ಪಿಸಿಕೊಂಡೆವು. ಪಕ್ಕದಲ್ಲೇ ನಮ್ಮ ಗೆಳೆಯ ಕೂತಿದ್ದ.

ಅವನು ಇಲ್ಲಿಗೆ ಬಂದು ಮೂರು ಸೆಮಿಸ್ಟರ್ ಆಯ್ತು. ಬರೋ ಕನ್ನಡ ಎರಡೇ ವಾಕ್ಯ: ‘ಕನ್ನಡ ಗೊತ್ತಿಲ್ಲ’, ‘ಊಟ ಆಯ್ತಾ’. ಹೊರಗಿನವರು ಕನ್ನಡ ಕಲಿಯಲ್ಲ ಅಂತ ಗೊಣಗೋರಲ್ಲಿ ನಾವೂ ಇದ್ದೀವಿ. ಆದರೆ ಅವನು ಕಲಿಯಬೇಕಾದದ್ದು ಎಲ್ಲಿ? ನವೆಂಬರ್‌ನಲ್ಲಿ ಬಾವುಟ, ಡೊಳ್ಳು, ಭಾಷಣ ಎಲ್ಲಾ ಜೋರಾಗಿ ಮಾಡ್ತೀವಿ. ಅವನು ಹಿಂದಿನ ಸಾಲಲ್ಲಿ ನಿಂತು ವಿಡಿಯೋ ಮಾಡಿಕೊಂಡ. ಉಳಿದ ದಿನ ಅವನು ಒಂದು ಕನ್ನಡ ಪದ ತಡವರಿಸಿದರೆ ಸಾಕು, ನಾವೇ ಇಂಗ್ಲಿಷ್‌ಗೆ ಹಾರ್ತೀವಿ. ಸಹಾಯ ಅಂದುಕೊಂಡು ಹಾರ್ತೀವಿ, ನಿಜ ಹೇಳಬೇಕಂದ್ರೆ ನಮಗೂ ಅದೇ ಸಲೀಸು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ನಾವು. ಈ ಲೇಖನದ ಒತ್ತಕ್ಷರಗಳನ್ನ ಎಷ್ಟು ಸಲ ತಿದ್ದಿದರು ಅಂತ ಸಂಪಾದಕರನ್ನೇ ಕೇಳಿ.

ಅದಕ್ಕೆ ನಮ್ಮ ಕನ್ನಡ ಸಂಘಕ್ಕೆ ಒಂದು ಮಾತು. ರಾಜ್ಯೋತ್ಸವ ಇರಲಿ, ಡೊಳ್ಳೂ ಇರಲಿ. ಜೊತೆಗೆ ಕ್ಯಾಂಟೀನ್ ಹಿಂದಿನ ಕಟ್ಟೆಯನ್ನ ವಾರಕ್ಕೊಂದು ಸಂಜೆ ನಮ್ಮ ಅಡ್ಡೆ ಅಂತ ಮಾಡಿ. ಮುಖ್ಯ ಅತಿಥಿ ಬೇಡ, ಬ್ಯಾನರ್ ಬೇಡ, ಆಕ್ಟಿವಿಟಿ ಪಾಯಿಂಟ್ ಅಂತೂ ಬೇಡವೇ ಬೇಡ. ಕೊಟ್ಟರೆ ಸೈನ್ ಹಾಕಿ ಎದ್ದು ಹೋಗೋರೇ ಬರ್ತಾರೆ. ಕನ್ನಡ ಬರೋರು ನಿಧಾನ ಮಾತಾಡಬೇಕು, ಬರದಿರೋರು ತಪ್ಪು ಮಾತಾಡಬೇಕು, ಇಷ್ಟೇ ರೂಲ್. ವಿಷಯ ಇಂಟರ್ನಲ್ಸ್ ಆದ್ರೂ ಸರಿ, ಆರ್‌ಸಿಬಿ ಆದ್ರೂ ಸರಿ.

ನಾವು ನಾಲ್ಕು ಜನ ಹೋದ ಗುರುವಾರವೇ ಶುರು ಮಾಡಿದ್ದೀವಿ. ಗೆಳೆಯ ಎದ್ದು ಹೋಗಿ ಕ್ಯಾಂಟೀನ್ ಅಣ್ಣನಿಗೆ, ಬಾಯಿಪಾಠ ಮಾಡಿಕೊಂಡವನ ಹಾಗೆ, “ಅಣ್ಣಾ, ನಾಲ್ಕು ಟೀ ತಿನ್ಬೇಕು” ಅಂದ. ಅಣ್ಣ ಎರಡು ನಿಮಿಷ ಯೋಚನೆ ಮಾಡಿ ನಾಲ್ಕು ಟೀ ಜೊತೆ ನಾಲ್ಕು ಬನ್ನೂ ಕೊಟ್ಟು ಕಳಿಸಿದರು.