ಓದದ ಪುಸ್ತಕಗಳ ಭಾರ

ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವುದು ಆಮೆಗೆ ಸಹಜ. ಮನುಷ್ಯನಿಗೆ ಅಷ್ಟು ಸುಲಭವಲ್ಲ. 1960ರಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್, ತನ್ನ ದೇಶವೇ ತನಗೆ ಅಪರಿಚಿತವಾಯಿತೆಂದು ಕೊರಗಿ, ಐವತ್ತೆಂಟರ ವಯಸ್ಸಿನಲ್ಲಿ ಅದನ್ನು ಸುತ್ತಲು ಹೊರಟನು. ಲಾರಿಯೊಂದರ ಮೇಲೆ ಪುಟ್ಟ ಮನೆ. ಜೊತೆಗೆ ಚಾರ್ಲಿ ಎಂಬ ನಾಯಿ. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನೇ ಬಂಡಿಗಿಟ್ಟನು: ರೊಸಿನಾಂಟೆ.

ಬಟ್ಟೆಯೊಗೆಯಲು ಅವನು ಹೂಡಿದ ಉಪಾಯ ನಮ್ಮ ಗೃಹಿಣಿಯರಿಗೂ ಮೆಚ್ಚಿಕೆಯಾದೀತು. ಮುಚ್ಚಳವುಳ್ಳ ಡಬ್ಬವೊಂದನ್ನು ಎಳೆದರೆ ಹಿಗ್ಗುವ ಹಗ್ಗದಿಂದ ತೂಗುಹಾಕಿ, ಬಟ್ಟೆ, ನೀರು, ಸೋಪಿನ ಪುಡಿ ತುಂಬಿಬಿಟ್ಟರೆ ಸಾಕು, ರಸ್ತೆಯ ಕುಲುಕಾಟವೇ ಕೊಳೆ ತೆಗೆಯುತ್ತಿತ್ತು. ಇಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಎಂದಾದರೂ ಓದೋಣವೆಂದು ಎತ್ತಿಟ್ಟಿದ್ದ ಸುಮಾರು 68 ಕಿಲೋ ಪುಸ್ತಕಗಳನ್ನೂ ಹೇರಿಕೊಂಡನು! ಮೇಷ್ಟರಾದ ನನಗೆ ಈ ರೋಗದ ಪರಿಚಯ ಚೆನ್ನಾಗಿದೆ.

ಆರೆಗಾನ್ ಸಂಸ್ಥಾನದಲ್ಲಿ, ಮಳೆ ಸುರಿಯುತ್ತಿದ್ದ ಒಂದು ಭಾನುವಾರ, ಅತಿಭಾರದ ಬಂಡಿಯ ಹಿಂದಿನ ಟೈರು ಸಿಡಿಯಿತು. ಕೆಸರಿನಲ್ಲಿ ಹೊರಳಾಡಿ ಬದಲಿ ಚಕ್ರ ತೊಡಿಸಿದ್ದಾಯಿತು. ಮತ್ತೊಂದು ಟೈರೂ ನಂಬುವಂತಿರಲಿಲ್ಲ. ಅದೂ ಹೋದರೆ ಗತಿಯೇನು? ತೆವಳುತ್ತ ತಲುಪಿದ ಪೆಟ್ರೋಲ್ ಬಂಕಿನ ಒಡೆಯನೋ, ಗಾಯದ ಕಲೆಯ ಮುಖದ, ನೋಡಿದರೆ ಎದೆ ನಡುಗಿಸುವ ದೈತ್ಯ. ಆ ಮಹಾರಾಯನೇ ರಜೆಯ ದಿನ ಅಲ್ಲಿಲ್ಲಿ ವಿಚಾರಿಸಿ, ಭಾರ ತಾಳುವ ಟೈರುಗಳನ್ನು ಹುಡುಕಿಸಿಕೊಟ್ಟನು.

1962ರಲ್ಲಿ ಪ್ರಕಟವಾದ ಈ ಪ್ರವಾಸಕಥನದಲ್ಲಿ ಕಲ್ಪನೆಯ ಬೆರಕೆಯುಂಟೆಂದು ಮುಂದೆ ಆಕ್ಷೇಪ ಹುಟ್ಟಿತು. ಇದ್ದೀತು, ಕೆಸರಿನ ಭಾಗವನ್ನು ಮಾತ್ರ ನಾನು ನಂಬುತ್ತೇನೆ. ಬಂಡಿ ಈಗ ಅವನ ಹುಟ್ಟೂರು ಸಲಿನಾಸಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಪುಸ್ತಕಗಳೋ? ಅವನ್ನು ಓದುವ ದಿನ ಬರುವುದೇ ಇಲ್ಲವೆಂದು ಅವನೇ ಒಪ್ಪಿಕೊಂಡಿದ್ದನು.