ದೊಡ್ಡ ವಿದ್ಯುತ್ ಗಾಡಿಯೂ ಹಿಂದೆ ಕುಳಿತವರೂ

ಏಳು ಜನ ಕೂರುವ ದೊಡ್ಡ ವಿದ್ಯುತ್ ಗಾಡಿಯನ್ನು ಸಂಸಾರಕ್ಕೆಂದು ಕೊಳ್ಳಬಹುದೇ ಎಂದು ರಾಜಾಜಿನಗರ, ಬಸವೇಶ್ವರನಗರದ ಕಡೆಯ ವಾಚಕರು ಕೆಲವರು ನಮ್ಮನ್ನು ಕೇಳಿರುವರು. ಬೆಲೆಯ ಲೆಕ್ಕವನ್ನೂ ಪೆಟ್ರೋಲಿನ ಉಳಿತಾಯವನ್ನೂ ಮಾರುವವರೇ ಬೇಕಾದಷ್ಟು ವಿವರಿಸುವರಾದುದರಿಂದ ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಸ್ನೇಹಿತರೊಬ್ಬರ ಸೌಜನ್ಯದಿಂದ ಅಂತಹ ಗಾಡಿಯೊಂದನ್ನು ಮೂರು ವಾರಗಳ ಕಾಲ ನಾವು ನಡೆಸಿಯೂ, ಅದಕ್ಕಿಂತ ಹೆಚ್ಚು ಹೊತ್ತು ಅದರ ಹಿಂದಿನ ಸಾಲುಗಳಲ್ಲಿ ಕುಳಿತೂ ನೋಡಿದ್ದೇವೆ. ಗಾಡಿ ಯಾವ ಕಾರ್ಖಾನೆಯದೆಂಬುದು ಮುಖ್ಯವಲ್ಲ. ಹೇಳಬೇಕಾದುದು ಆ ಜಾತಿಗೆಲ್ಲ ಸಲ್ಲುವ ಮಾತು. ನಡೆಸುವವನಿಗೆ ಇದರಷ್ಟು ಸುಲಭವಾದ ವಾಹನ ಮತ್ತೊಂದಿಲ್ಲ. ಆದರೆ ಆ ಸುಲಭದ ಬೆಲೆಯನ್ನು, ಅವನು ಮೈಮರೆತರೆ, ಹಿಂದೆ ಕುಳಿತ ವೃದ್ಧರೂ ಬೀದಿಯಲ್ಲಿ ಆಡುವ ಮಕ್ಕಳೂ ತೆರಬೇಕಾಗುವುದು.

ವಿದ್ಯುತ್ತು ನಮ್ಮೂರಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಶಕ್ತಿಯೇ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ವಿದ್ಯುತ್ ಮೋಟಾರೂ ಇಲ್ಲಿ ಹೊಸದಲ್ಲ. 1994ರಲ್ಲಿ ಈ ಊರಿನಲ್ಲೇ ಸ್ಥಾಪಿತವಾದ ರೇವಾ ಸಂಸ್ಥೆಯ ಪುಟ್ಟ ಗಾಡಿ 2001ರಲ್ಲಿ ರಸ್ತೆಗೆ ಬಂದುದು ಅನೇಕರಿಗೆ ನೆನಪಿರಬಹುದು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಹೇಗೋ ಮುದುರಿಕೊಂಡು ಇಬ್ಬರು ಮಕ್ಕಳು, ಸೀಸದ ಬ್ಯಾಟರಿ, ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರಿನ ಆಸುಪಾಸು ಓಟ. ಕಂಡವರು ನಕ್ಕರು, ಕೊಂಡವರು ಮೆಚ್ಚಿದರು. 2010ರಲ್ಲಿ ಆ ಸಂಸ್ಥೆ ಮಹೀಂದ್ರದವರ ಕೈಸೇರಿತು. ಈಗ ನೋಡಿದರೆ ಅದೇ ಮಹೀಂದ್ರದವರು 2025ರ ನವೆಂಬರಿನಲ್ಲಿ ಏಳು ಆಸನಗಳ ಎಕ್ಸ್‌ಇವಿ 9ಎಸ್ ಎಂಬ ಗಾಡಿಯನ್ನು ಪೇಟೆಗೆ ತಂದಿರುವರು; ಅದೇ ವರ್ಷದ ಜೂನಿನಲ್ಲಿ ಟಾಟಾದವರ ಹ್ಯಾರಿಯರ್ ವಿದ್ಯುತ್ತಿನ ವೇಷದಲ್ಲಿ ಬಂದಿತ್ತು. ಮೊದಲು ಹೇಳಿದ ಗಾಡಿಯ ಅತಿ ದೊಡ್ಡ ಬ್ಯಾಟರಿಯಲ್ಲಿ ಹಿಡಿಯುವುದು 79 ಕಿಲೋವಾಟ್-ಗಂಟೆ, ಎಂದರೆ ಮನೆಯ ಮೀಟರಿನ ಭಾಷೆಯಲ್ಲಿ 79 ಯೂನಿಟ್. ಇಂತಹ ಗಾಡಿಗಳ ತೂಕ ಎರಡು ಟನ್ನಿನ ಸುಮಾರು; ಏಳು ಜನ ಗಂಟುಮೂಟೆ ಸಹಿತ ಹತ್ತಿದರೆ ಎರಡೂವರೆಯನ್ನು ಮುಟ್ಟುವುದು. ಈ ತೂಕವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಡೆಸುವವನಿಗೆ ಅದು ತಿಳಿಯುವುದೇ ಇಲ್ಲ.

ಪೆಟ್ರೋಲಿನ ಯಂತ್ರಕ್ಕೆ ಬಲ ಕೂಡಿಬರಲು ಸ್ವಲ್ಪ ಹೊತ್ತು ಬೇಕು. ಅದು ಗೊರಗುಟ್ಟಬೇಕು, ಗೇರು ಬದಲಾಗಬೇಕು. ವಿದ್ಯುತ್ ಮೋಟಾರಿನಲ್ಲಾದರೋ ಚಕ್ರ ಅಲುಗುವ ಮೊದಲೇ ತಿರುಗುಬಲವೆಲ್ಲ ಸಿದ್ಧವಾಗಿರುವುದು. ನವರಂಗ್ ವೃತ್ತದಲ್ಲಿ ದೀಪ ಹಸಿರಾದೊಡನೆ ಹೆಬ್ಬೆರಳ ಭಾರವನ್ನಿಟ್ಟರೆ ಸಾಕು, ಆಟೋಗಳೂ ಸ್ಕೂಟರುಗಳೂ ಹಿಂದೆ ಉಳಿದಿರುತ್ತವೆ. ಕಾರ್ಡ್ ರಸ್ತೆಯ ಸಾಯಂಕಾಲದ ಗೊಂದಲದಲ್ಲಿ ಕ್ಲಚ್ಚಿನ ಕಾಲುನೋವಿಲ್ಲ, ಎಂಜಿನ್ ಆರಿಹೋಗುವ ಭಯವಿಲ್ಲ. ಮಾಗಡಿ ರಸ್ತೆಯನ್ನು ದಾಟಿ ವಿಜಯನಗರಕ್ಕೆ ಬರಲು ಮುಕ್ಕಾಲು ಗಂಟೆ ಹಿಡಿದ ದಿನವೂ ನಮಗೆ ಸಿಟ್ಟು ಬರಲಿಲ್ಲವೆಂದರೆ, ಈ ಊರನ್ನು ಬಲ್ಲವರು ಅದನ್ನು ಸಣ್ಣ ಮಾತೆಂದು ಎಣಿಸಲಾರರು.

ಆದರೆ ಅದೇ ದಿನ ಎರಡನೆಯ ಸಾಲಿನಲ್ಲಿ ಸ್ನೇಹಿತರ ತಾಯಿಯವರು ಕುಳಿತಿದ್ದರು. ನಡೆಸುತ್ತಿದ್ದವರು ಅವರ ಮಗ. ಅತ್ತಿಗುಪ್ಪೆ ಮುಟ್ಟುವಷ್ಟರಲ್ಲಿ ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡು, “ಯಾಕೋ ಮಗೂ, ಹೀಗೆ ಎಳೆದೆಳೆದು ನಿಲ್ಲಿಸ್ತೀಯ? ಬಸ್ಸೇ ವಾಸಿಯಾಗಿತ್ತಲ್ಲೋ” ಎಂದರು. ಮಗನಿಗೆ ಆಶ್ಚರ್ಯ. “ನಾನು ಬ್ರೇಕನ್ನೇ ಮುಟ್ಟಿಲ್ಲಮ್ಮ” ಎಂದರು. ಇಬ್ಬರ ಮಾತೂ ನಿಜವೇ.

ಸಂಗತಿ ಹೀಗೆ. ಈ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ಮೋಟಾರು ತಾನೇ ಡೈನಮೋ ಆಗಿ, ಓಟದ ಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ಹಿಂದಿರುಗಿಸುವುದು. ಆ ಕೆಲಸದಲ್ಲಿ ಗಾಡಿಯ ವೇಗ ಇಳಿಯುವುದು. ಒಂದೇ ಪೆಡಲಿನಲ್ಲಿ ಓಟವೂ ನಿಲುಗಡೆಯೂ ಸಾಧ್ಯವೆಂದು ಮಾರುವವರು ಹೊಗಳುವುದು ಇದನ್ನೇ. ಉಪಾಯ ಒಳ್ಳೆಯದು, ಬ್ರೇಕಿನ ಸವೆತವೂ ಕಡಿಮೆ. ಆದರೆ ಕಾಲನ್ನು ಗುಂಡಿಯಂತೆ ಒತ್ತಿ, ಗುಂಡಿಯಂತೆ ಬಿಟ್ಟರೆ ಗಾಡಿ ಹತ್ತು ಮಾರಿಗೊಮ್ಮೆ ಮುಂದಕ್ಕೆ ಜಗ್ಗಿ ಹಿಂದಕ್ಕೆ ಎಳೆಯುವುದು. ನಡೆಸುವವನಿಗೆ ಮುಂದೇನಾಗುವುದೆಂದು ಮೊದಲೇ ಗೊತ್ತಿರುವುದರಿಂದ ಅವನ ಮೈ ಅದಕ್ಕೆ ಸಿದ್ಧವಾಗಿರುತ್ತದೆ. ಹಿಂದೆ ಕುಳಿತವರಿಗೆ ಆ ಸೂಚನೆಯಿಲ್ಲ. ಹಳೆಯ ಗಾಡಿಯಲ್ಲಿ ಎಂಜಿನ್ನಿನ ಸದ್ದಾದರೂ ಏರಿ ಇಳಿದು ಹೇಳುತ್ತಿತ್ತು. ಇಲ್ಲಿ ಅದೂ ಮೌನ. ಮೊಬೈಲು ನೋಡುತ್ತ ಕುಳಿತ ಹುಡುಗರಿಗೂ ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲದ ಅಂಗ ಮತ್ತೊಂದು ಹೇಳುವುದರಿಂದ ಹೊಟ್ಟೆ ತೊಳಸುವುದು ಸಹಜವೇ.

ಪರಿಹಾರ ಕಷ್ಟದ್ದಲ್ಲ. ಬಹುತೇಕ ಗಾಡಿಗಳಲ್ಲಿ ಈ ಎಳೆತದ ಬಲವನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡುಂಟು. ಮನೆಮಂದಿ ಹತ್ತಿದಾಗ ಅದನ್ನು ಅತಿ ಕಡಿಮೆಯ ಮಟ್ಟದಲ್ಲಿಡುವುದು ಲೇಸು. ಉಳಿದುದೆಲ್ಲ ಬಲಗಾಲಿನ ವಿನಯ. ಕಾಲನ್ನು ಎತ್ತುವುದಲ್ಲ, ಮೆಲ್ಲನೆ ಹಿಂದೆಗೆಯುವುದು. ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಹಿಂದಿರುಗುವ ವಿದ್ಯುತ್ತಿಗೆ ಎಡೆಯಿಲ್ಲದುದರಿಂದ ಅನೇಕ ಗಾಡಿಗಳಲ್ಲಿ ಈ ಎಳೆತ ಕಡಿಮೆಯಾಗುವುದು. ರಾತ್ರಿಯೆಲ್ಲ ತುಂಬಿಸಿ ಬೆಳಗ್ಗೆ ಹೊರಟವನು ಮೊದಲ ಇಳಿಜಾರಿನಲ್ಲಿ ನಿನ್ನೆಯಂತೆಯೇ ಕಾಲೆತ್ತಿದರೆ ಗಾಡಿ ನಿನ್ನೆಯಂತೆ ನಿಧಾನವಾಗದು. ದಿನದ ಓಡಾಟಕ್ಕೆ ನೂರಕ್ಕೆ ಎಂಬತ್ತರಷ್ಟು ತುಂಬಿದರೆ ಈ ತೊಡಕಿಲ್ಲ, ಬ್ಯಾಟರಿಗೂ ಹಿತ.

ಇನ್ನು ಬೀದಿಯ ಮಾತು. 1949ರಲ್ಲಿ ಶಂಕುಸ್ಥಾಪನೆಯಾದ ರಾಜಾಜಿನಗರದ ಅಡ್ಡರಸ್ತೆಗಳನ್ನು ಸೈಕಲ್ಲಿನ ಕಾಲದಲ್ಲಿ ಎಳೆದರು. ಈ ಗಾಡಿಯ ಉದ್ದ ನಾಲ್ಕು ಮುಕ್ಕಾಲು ಮೀಟರಿನಷ್ಟು, ಅಗಲ ಎರಡಕ್ಕೆ ಸ್ವಲ್ಪ ಕಡಿಮೆ. ಎರಡೂ ಕಡೆ ಕಾರುಗಳು ನಿಂತ ಮೇಲೆ ಉಳಿಯುವುದು ಒಂದು ಓಣಿ. ಆ ಓಣಿಯಲ್ಲೇ ಹೂವಿನವಳು, ಹಾಲಿನ ಹುಡುಗ, ಬೆಳಗಿನ ನಡಿಗೆಯ ಹಿರಿಯರು, ಚೆಂಡಿನ ಹಿಂದೆ ಓಡುವ ಮಕ್ಕಳು. ಇವರೆಲ್ಲರೂ ನೂರು ವರ್ಷದಿಂದ ಮೋಟಾರನ್ನು ಕಿವಿಯಿಂದಲೇ ಕಂಡವರು. ನಿಧಾನವಾಗಿ ಬರುವ ವಿದ್ಯುತ್ ಗಾಡಿಯ ಸದ್ದು ಅವರಿಗೆ ಕೇಳುವುದೇ ಇಲ್ಲ. ವೇಗ ಹೆಚ್ಚಿದರೆ ಟೈರಿನ ಸದ್ದಾದರೂ ಎಚ್ಚರಿಸುವುದು, ನಿಧಾನವೇ ಇಲ್ಲಿ ಅಪಾಯ. ಯುರೋಪಿನಲ್ಲಿ ಇದಕ್ಕೆಂದೇ 2019ರಿಂದ ಹೊಸ ಮಾದರಿಗಳಿಗೂ 2021ರಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ, ಗಂಟೆಗೆ 20 ಕಿಲೋಮೀಟರಿನವರೆಗೆ ಕೃತಕ ಸದ್ದು ಕಡ್ಡಾಯ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2025ರ ಸೆಪ್ಟೆಂಬರಿನಲ್ಲಿ ಅಂತಹುದೇ ನಿಯಮದ ಕರಡನ್ನು ಪ್ರಕಟಿಸಿತು. ಕೊಳ್ಳುವವರು ತಮ್ಮ ಗಾಡಿಗೆ ಆ ಸದ್ದು ಉಂಟೇ ಎಂದು ಕೇಳಿ ತಿಳಿಯಬೇಕು. ಹಾರನ್ನು ಅದಕ್ಕೆ ಬದಲಲ್ಲ. ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಕೂಗಿದರೆ ಎಪ್ಪತ್ತರ ಮುದುಕರು ಯಾವ ಕಡೆಗೆ ಹಾರುವರೆಂದು ಬಲ್ಲವರಾರು? ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾವನ್ನು ನಂಬಿ ಕೂರದೆ ಮನೆಯವರೊಬ್ಬರನ್ನು ಗೇಟಿನಲ್ಲಿ ನಿಲ್ಲಿಸುವ ಹಳೆಯ ವಾಡಿಕೆಯನ್ನು ಬಿಡಬಾರದು. ರಸ್ತೆಯುಬ್ಬುಗಳಂತೂ ನಮ್ಮಲ್ಲಿ ಒಂದೊಂದು ಒಂದೊಂದು ಎತ್ತರ. ತುಂಬಿದ ಗಾಡಿಯ ಹೊಟ್ಟೆಯಡಿ ಇರುವುದು ಬ್ಯಾಟರಿಯೇ ಆದುದರಿಂದ ಅವುಗಳ ಮೇಲೆ ತೆವಳಿಯೇ ಹೋಗತಕ್ಕುದು.

ಕೆಂಗೇರಿ ದಾಟಿದ ಮೇಲೆ ಮಾತು ಬೇರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೈಸೂರಿನ ಹೆದ್ದಾರಿಯಲ್ಲಿ ಇದು ತೊಟ್ಟಿಲು. ಭಾರವೇ ಇಲ್ಲಿ ಗುಣವಾಗಿ ಪರಿಣಮಿಸಿ, ಗಾಡಿ ನೆಲಕ್ಕಂಟಿ ಹರಿಯುವುದು. ಹಿಂದಿನ ಸಾಲಿನ ಮಾತು ಮುಂದಿನವರಿಗೆ ಸ್ವರವೆತ್ತದೆಯೇ ಕೇಳುವುದು. ಬರುವಾಗ ಏರು, ವಿದ್ಯುತ್ತು ಸಾಲದೇ ಹೋದೀತೆಂದು ಹೆದರುವವರುಂಟು. ಮದ್ದೂರಿನಿಂದ ಬೆಂಗಳೂರಿಗೆ ಏರು ಸುಮಾರು 240 ಮೀಟರ್. ಎರಡೂವರೆ ಟನ್ನನ್ನು ಅಷ್ಟು ಎತ್ತಲು ಬೇಕಾಗುವುದು ಎರಡು ಯೂನಿಟ್ಟಿನ ಸುಮಾರು ಮಾತ್ರ. ನಿಜವಾದ ತೆರಿಗೆ ಗಾಳಿಯದು. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮೀರುವುದು. ಆ ರಸ್ತೆಯ ಮಿತಿಯಾದ 100ರಲ್ಲಿ ಹೋಗುವಾಗ ನೂರು ಕಿಲೋಮೀಟರಿಗೆ 20 ಯೂನಿಟ್ ಖರ್ಚಾಯಿತು. ಮರಳುವಾಗ ಏರಿದ್ದೂ 80ರಲ್ಲಿ ಬಂದುದರಿಂದ 18ರಲ್ಲೇ ಮುಗಿಯಿತು. ಈ ಲೆಕ್ಕದಿಂದ ಮೈಸೂರಿಗೆ ಹೋಗಿ ಬರಲು ದೊಡ್ಡ ಬ್ಯಾಟರಿ ಧಾರಾಳವಾಗಿ ಸಾಕು. ನಡುವೆ ಎಲ್ಲಾದರೂ ತುಂಬಿಸುವುದಾದರೆ 60 ಕಿಲೋವಾಟಿನ ಯಂತ್ರದಲ್ಲಿ ಇಪ್ಪತ್ತರಿಂದ ಎಂಬತ್ತಕ್ಕೆ ಏರಲು ಮುಕ್ಕಾಲು ಗಂಟೆ ಬೇಕು; ಮನೆಯಲ್ಲಿ 7 ಕಿಲೋವಾಟಿನದಾದರೆ ಬರಿದಾದ ಬ್ಯಾಟರಿಗೆ ಹನ್ನೊಂದು ಗಂಟೆಗೂ ಮೇಲು, ಅದಕ್ಕೂ ಮೊದಲು ಮನೆಯ ಮಂಜೂರಾದ ಲೋಡನ್ನು ಬೆಸ್ಕಾಂನಲ್ಲಿ ವಿಚಾರಿಸಬೇಕು. ಹೆದ್ದಾರಿ ಮದ್ದೂರನ್ನು ಹೊರಗಿನಿಂದಲೇ ದಾಟುವುದರಿಂದ ವಡೆ ಬೇಕೆನ್ನುವವರು ಕೆಳಗಿಳಿದೇ ಹೋಗಬೇಕು. ಅದನ್ನು ನಾವು ನಷ್ಟವೆಂದು ಭಾವಿಸಲಿಲ್ಲ.

ಮೂರನೆಯ ಸಾಲಿನ ವಿಚಾರವನ್ನು ಮುಚ್ಚಿಡಬಾರದು. ಬ್ಯಾಟರಿಯ ದೆಸೆಯಿಂದ ನೆಲ ಎತ್ತರವಾಗಿ, ಮಂಡಿ ಎದೆಯ ಕಡೆಗೆ ಬರುವುದು. ಮಕ್ಕಳಿಗೆ ಸರಿ, ಮಂಡಿನೋವಿನವರನ್ನು ಅಲ್ಲಿ ಕೂರಿಸುವುದು ಧರ್ಮವಲ್ಲ. ಏಳು ಆಸನದ ಗಾಡಿಯೆಂದರೆ ಐವರು ದೊಡ್ಡವರು, ಇಬ್ಬರು ಮಕ್ಕಳು ಎಂದೇ ಎಣಿಸಿಕೊಳ್ಳಬೇಕು.

ಕೊಳ್ಳುವ ಮುನ್ನ ಗಾಡಿ ತೋರಿಸುವವರು ತಾವೇ ಆರಿಸಿದ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ತಿರುಗಿಸಿ ತರುವರು. ಅದಕ್ಕೆ ಒಪ್ಪದೆ, ಮನೆಯ ಹಿರಿಯರನ್ನು ಎರಡನೆಯ ಸಾಲಿನಲ್ಲಿಯೂ ಮಕ್ಕಳನ್ನು ಮೂರನೆಯದರಲ್ಲಿಯೂ ಕೂರಿಸಿಕೊಂಡು, ಸಾಯಂಕಾಲ ಆರು ಗಂಟೆಗೆ ಬಸವೇಶ್ವರನಗರದಿಂದ ನಾಯಂಡಹಳ್ಳಿಯ ಮೂಲಕ ಕೆಂಗೇರಿಯವರೆಗೆ ಹೋಗಿ ಬರಲು ಕೇಳಿರಿ. ಮರಳಿ ಬಂದಮೇಲೆ ಮೊದಲು ಅಭಿಪ್ರಾಯ ಕೇಳಬೇಕಾದುದು ಚಕ್ರ ಹಿಡಿದವರನ್ನಲ್ಲ, ಅಜ್ಜಿಯನ್ನು.